ಸ್ವಂತ ಸೋದರನ ಚರ್ಮವನ್ನೂ ದೇಹ ಯಾಕೆ ಒಪ್ಪಲ್ಲ? ಪೀಟರ್ ಮೆಡಾವರ್ ಬೆನ್ನು ಹತ್ತಿದ ಪ್ರಶ್ನೆ

ಕಿಡ್ನಿ ಕಸಿ ಮಾಡಿಸಿಕೊಂಡವರು ನಿಮ್ಮ ಮನೆಯಲ್ಲೋ ಪರಿಚಯದವರಲ್ಲೋ ಇದ್ದರೆ ಒಂದು ವಿಷಯ ಗಮನಿಸಿರ್ತೀರಿ. ಅವರ ಮೊಬೈಲಲ್ಲಿ ಬೆಳಿಗ್ಗೆ ಒಂದು ಅಲಾರಂ ಹೊಡೆಯುತ್ತೆ, ರಾತ್ರಿ ಒಂದು. ಅದು ಏಳೋಕಲ್ಲ, ಗುಳಿಗೆ ನುಂಗೋಕೆ. ಊರಿಗೆ ಹೋಗಲಿ, ಮದುವೆ ಮನೆಯಲ್ಲಿರಲಿ, ಗುಳಿಗೆ ತಪ್ಪಿಸೋ ಹಾಗಿಲ್ಲ. ಆಪರೇಷನ್ ಆಗಿ ಹತ್ತು ವರ್ಷ ಕಳೆದಿದ್ದರೂ ತಪ್ಪಿಸೋ ಹಾಗಿಲ್ಲ. ಆ ಕಿಡ್ನಿ ಕೊಟ್ಟಿದ್ದು ಹೆತ್ತ ತಾಯಿಯೇ ಆಗಿದ್ದರೂ ಅಷ್ಟೇ.

ಯಾಕೆ? ತಾಯಿಯ ಹೊಟ್ಟೆಯಲ್ಲೇ ಬೆಳೆದ ದೇಹಕ್ಕೆ ತಾಯಿಯ ಕಿಡ್ನಿ ಯಾಕೆ ಪರಕೀಯ ಅನ್ನಿಸುತ್ತೆ? ತೋಟದಲ್ಲಿ ಹುಳಿ ಮಾವಿನ ಗಿಡಕ್ಕೆ ಮಲ್ಲಿಕಾ ಕಸಿ ಕಟ್ಟಿದರೆ ಸುಮ್ಮನೆ ಚಿಗುರುತ್ತಲ್ಲ, ಮನುಷ್ಯನ ದೇಹ ಯಾಕೆ ಹಾಗೆ ಮಾಡಲ್ಲ? ಈ ಪ್ರಶ್ನೆಗೆ ತನ್ನ ವೃತ್ತಿ ಜೀವನದ ಬಹುಭಾಗ ಕೊಟ್ಟ ಒಬ್ಬ ವಿಜ್ಞಾನಿಯ ಕಥೆ ಇವತ್ತು ಹೇಳ್ತೀನಿ. ಹೆಸರು ಪೀಟರ್ ಮೆಡಾವರ್. ಕಸಿ ಇಮ್ಯುನಾಲಜಿ ಅನ್ನೋ ಶಾಸ್ತ್ರದ ಪಿತಾಮಹ ಅಂತ ಇವರನ್ನು ಕರೀತಾರೆ. ನನಗೆ ಇವರ ಕಥೆ ಇಷ್ಟವಾಗೋಕೆ ಒಂದು ವಿಚಿತ್ರ ಕಾರಣ ಇದೆ. ಇವರಿಗೆ ನೊಬೆಲ್ ತಂದುಕೊಟ್ಟ ಸಂಶೋಧನೆಯನ್ನು ನೇರವಾಗಿ ಒಬ್ಬ ರೋಗಿಯ ಮೇಲೂ ಬಳಸೋಕೆ ಆಗುತ್ತಿರಲಿಲ್ಲ. ಹಾಗಾದರೆ ಅದರಿಂದ ಏನು ಪ್ರಯೋಜನ? ಕೊನೆಯವರೆಗೂ ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಳ್ಳಿ.

ಮೆಡಾವರ್ ಹುಟ್ಟಿದ್ದು 1915ರಲ್ಲಿ, ಬ್ರೆಜಿಲ್‌ನಲ್ಲಿ. ತಂದೆ ಲೆಬನಾನ್ ಮೂಲದ ವ್ಯಾಪಾರಿ, ತಾಯಿ ಇಂಗ್ಲಿಷ್ ಹೆಂಗಸು. ಓದಿದ್ದು ಇಂಗ್ಲೆಂಡಿನಲ್ಲಿ, ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ. ಗಮನಿಸಿ, ಇವರು ಡಾಕ್ಟರ್ ಅಲ್ಲ, ಸರ್ಜನ್ ಅಲ್ಲ. ಎರಡನೇ ಮಹಾಯುದ್ಧ ಬರದೇ ಇದ್ದಿದ್ದರೆ ಬಹುಶಃ ಆಸ್ಪತ್ರೆ ವಾರ್ಡಿನ ಕಡೆ ತಲೆ ಹಾಕುತ್ತಲೇ ಇರಲಿಲ್ಲ.

1940ರಲ್ಲಿ ಆಕ್ಸ್‌ಫರ್ಡಿನಲ್ಲಿ ಅವರ ಮನೆಗೆ ತೀರಾ ಹತ್ತಿರದಲ್ಲೇ ಒಂದು ಯುದ್ಧವಿಮಾನ ಬಿತ್ತು. ಅದರಲ್ಲಿದ್ದ ತರುಣನ ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ಸುಟ್ಟು ಹೋಗಿತ್ತು. ಮೊದಲಾಗಿದ್ದರೆ ಅಷ್ಟು ಸುಟ್ಟವರು ಬೇಗನೆ ಸಾಯ್ತಿದ್ದರು. ಆದರೆ ಆ ಹೊತ್ತಿಗೆ ರಕ್ತ ಕೊಡೋದು ಗೊತ್ತಿತ್ತು, ಸೋಂಕು ತಡೆಯೋಕೆ ಸಲ್ಫಾ ಔಷಧಿಗಳು ಬಂದಿದ್ದವು. ಜೀವ ಉಳಿಸಬಹುದಿತ್ತು. ಆದರೆ ಉಳಿದ ಜೀವಕ್ಕೆ ಹೊದಿಸೋಕೆ ಚರ್ಮ ಎಲ್ಲಿಂದ ತರೋದು? ವೈದ್ಯರು ಮೆಡಾವರ್ ಅವರನ್ನು ಕೇಳಿದ್ದು ಇದನ್ನೇ: ನೀವು ಜೀವಶಾಸ್ತ್ರ ಓದಿದವರು, ಏನಾದರೂ ದಾರಿ ಇದೆಯಾ ನೋಡಿ.

ಚರ್ಮ ಕಸಿ ಹೊಸದೇನೂ ಆಗಿರಲಿಲ್ಲ. ರೋಗಿಯ ತೊಡೆಯಿಂದ ತೆಳುವಾಗಿ ಚರ್ಮ ತೆಗೆದು ಗಾಯದ ಮೇಲೆ ಹಾಕಿದರೆ ಅದು ಹಿಡಿದುಕೊಳ್ಳುತ್ತೆ. ಆದರೆ ಅರ್ಧ ಮೈ ಸುಟ್ಟವರಲ್ಲಿ ತೆಗೆಯೋಕೆ ಚರ್ಮವೇ ಉಳಿದಿರಲ್ಲ. ಬೇರೆಯವರ ಚರ್ಮ ಹಾಕಿದರೆ ಮೊದಲ ಕೆಲವು ದಿನ ಚೆನ್ನಾಗಿ ಅಂಟಿಕೊಳ್ಳುತ್ತೆ, ರಕ್ತ ಕೂಡ ಹರಿಯುತ್ತೆ. ಆಮೇಲೆ ಊದಿಕೊಂಡು, ಕಪ್ಪಾಗಿ, ಉದುರಿ ಬೀಳುತ್ತೆ. ಇದು ಯಾಕೆ ಅನ್ನೋದು ಯಾರಿಗೂ ಸ್ಪಷ್ಟವಾಗಿ ಗೊತ್ತಿರಲಿಲ್ಲ. ಹೊಲಿಗೆ ಸರಿ ಹಾಕಿಲ್ಲ, ಸರ್ಜನ್ ಕೈಚಳಕ ಸಾಲದು ಅಂದುಕೊಂಡವರೂ ಇದ್ದರು. ಆದರೆ ಹೊಲಿಗೆಯ ಸಮಸ್ಯೆ ಬಗೆಹರಿದು ಆಗಲೇ ದಶಕಗಳಾಗಿತ್ತು. ರಕ್ತನಾಳಗಳನ್ನು ಜೋಡಿಸಿ ಹೊಲಿಯೋದು ಹೇಗೆ ಅಂತ ತೋರಿಸಿದ ಅಲೆಕ್ಸಿಸ್ ಕ್ಯಾರೆಲ್‌ಗೆ 1912ರಲ್ಲೇ ನೊಬೆಲ್ ಬಂದಿತ್ತು. ಹೊಲಿಗೆ ನಿಲ್ತಿತ್ತು, ಹೊಲಿದ ಅಂಗ ನಿಲ್ತಿರಲಿಲ್ಲ.

ಮೆಡಾವರ್ ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರಕ್ಕೆ ಹೋದರು. ಅಲ್ಲಿನ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಟಾಮ್ ಗಿಬ್ಸನ್ ಅನ್ನೋ ಸರ್ಜನ್ ಇದ್ದರು. ಇಬ್ಬರೂ ಸೇರಿ ಸುಟ್ಟಗಾಯದ ಒಬ್ಬ ಹೆಂಗಸಿಗೆ ಚಿಕಿತ್ಸೆ ಕೊಟ್ಟರು. ಆಕೆಯ ಚರ್ಮದ ಪುಟ್ಟ ಪುಟ್ಟ ತುಣುಕುಗಳನ್ನೂ, ಆಕೆಯ ಸೋದರನ ಚರ್ಮದ ತುಣುಕುಗಳನ್ನೂ ಗಾಯದ ಮೇಲೆ ಕೂರಿಸಿದರು. ದಿನಾ ಒಂದಿಷ್ಟು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಆಕೆಯದೇ ಚರ್ಮ ಹಿಡೀತು. ಸೋದರನದು ಮೊದಲು ಹಿಡಿದು ಆಮೇಲೆ ನಾಶವಾಯ್ತು. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿದ್ದೇ.

ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೆಲವು ದಿನ ಬಿಟ್ಟು ಅದೇ ಸೋದರನ ಚರ್ಮವನ್ನು ಎರಡನೇ ಸಲ ಹಾಕಿದರು. ಈ ಸಲ ಅದು ಮೊದಲಿನಷ್ಟು ದಿನವೂ ಉಳಿಯಲಿಲ್ಲ, ಬಹಳ ಬೇಗ ಹಾಳಾಯ್ತು.

ಸ್ವಲ್ಪ ಇಲ್ಲಿ ನಿಲ್ಲೋಣ. ಕೈಚಳಕದ್ದೇ ಸಮಸ್ಯೆ ಆಗಿದ್ದರೆ ಎರಡನೇ ಸಲ ಬೇಗ ಯಾಕೆ ಹಾಳಾಗಬೇಕು? ಒಂದು ಸಲ ದಡಾರ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರಲ್ಲ ಅಲ್ವಾ? ದೇಹ ಆ ವೈರಸ್ಸಿನ ಗುರುತು ಇಟ್ಟುಕೊಂಡಿರುತ್ತೆ, ಮತ್ತೆ ಬಂದ ಕೂಡಲೇ ಮುಗಿಬೀಳುತ್ತೆ. ಇಲ್ಲೂ ಅದೇ ಆಗಿತ್ತು. ದೇಹಕ್ಕೆ ನೆನಪಿತ್ತು. ಅಂದರೆ ಕಸಿಯನ್ನು ತಿರಸ್ಕರಿಸ್ತಾ ಇರೋದು ನಮ್ಮನ್ನು ಕಾಯಿಲೆಯಿಂದ ಕಾಪಾಡೋ ಅದೇ ರೋಗನಿರೋಧಕ ವ್ಯವಸ್ಥೆ. ಶತ್ರು ಯಾರೂ ಹೊರಗಿನಿಂದ ಬಂದಿಲ್ಲ, ಮನೆಯ ಕಾವಲುಗಾರನೇ ನೆಂಟನನ್ನು ಕಳ್ಳ ಅಂತ ಹಿಡಿದು ಹೊಡೀತಿದ್ದಾನೆ. 1943ರಲ್ಲಿ ಗಿಬ್ಸನ್ ಮತ್ತು ಮೆಡಾವರ್ ಇದನ್ನು ಪ್ರಕಟಿಸಿದರು. ಆಕ್ಸ್‌ಫರ್ಡಿಗೆ ಮರಳಿದ ಮೆಡಾವರ್ ಮೊಲಗಳ ಮೇಲೆ ಪ್ರಯೋಗ ಮಾಡಿ, ಒಬ್ಬ ರೋಗಿಯಲ್ಲಿ ಕಂಡದ್ದು ಕಾಕತಾಳೀಯ ಅಲ್ಲ ಅಂತ ಖಚಿತ ಮಾಡಿದರು.

ವಿಜ್ಞಾನಕ್ಕೆ ಇದು ದೊಡ್ಡ ಹೆಜ್ಜೆ. ಆದರೆ ರೋಗಿಗಳ ಕಡೆಯಿಂದ ನೋಡಿದರೆ ಇದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿಲ್ಲ. ಕೈಚಳಕದ ಸಮಸ್ಯೆ ಆಗಿದ್ದರೆ ಕಲಿತು ಸರಿ ಮಾಡಬಹುದಿತ್ತು. ಇದು ದೇಹದ ಸ್ವಭಾವವೇ ಅಂತಾದರೆ ಯಾರು ಏನು ಮಾಡೋಕಾಗುತ್ತೆ? ಒಂದು ದೇಹದ ಅಂಗ ಇನ್ನೊಂದು ದೇಹದಲ್ಲಿ ಬದುಕೋದು ಅಸಾಧ್ಯ, ಅದು ಪ್ರಕೃತಿಯ ನಿಯಮ ಅಂತಲೇ ಬಹಳ ಜನ ಅಂದುಕೊಂಡರು.

ಈ ನಿಯಮವನ್ನು ಮುರಿದದ್ದು ದನಗಳು. ಹೌದು, ದನಗಳು.

1947ರಲ್ಲಿ ಮೆಡಾವರ್ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಮರುವರ್ಷ ಸ್ಟಾಕ್‌ಹೋಮ್‌ನಲ್ಲಿ ಒಂದು ಸಮ್ಮೇಳನ. ಅಲ್ಲಿ ಪಶು ತಳಿಗಳ ಬಗ್ಗೆ ಸಂಶೋಧನೆ ಮಾಡೋ ಹ್ಯೂ ಡೊನಾಲ್ಡ್ ಒಂದು ಕಷ್ಟ ಹೇಳಿಕೊಂಡರು. ಹಸು ಅವಳಿ ಕರು ಹಾಕಿದಾಗ ಅವು ತದ್ರೂಪಿ ಅವಳಿಗಳೋ, ಬರೀ ಒಟ್ಟಿಗೆ ಹುಟ್ಟಿದ ಒಡಹುಟ್ಟುಗಳೋ ಅಂತ ಕಂಡುಹಿಡಿಯೋದು ಹೇಗೆ? ಮೆಡಾವರ್ ಅದೇನು ಮಹಾ ಅನ್ನೋ ಹಾಗೆ ಉತ್ತರ ಕೊಟ್ಟರು. ಒಂದರ ಚರ್ಮ ಇನ್ನೊಂದಕ್ಕೆ ಕಸಿ ಮಾಡಿ, ಹಿಡಿದರೆ ತದ್ರೂಪಿ, ಉದುರಿದರೆ ಅಲ್ಲ.

ಹೇಳಿದ ಮೇಲೆ ಮಾಡಿ ತೋರಿಸಬೇಕಲ್ಲ. ಮೆಡಾವರ್ ಮತ್ತು ಅವರ ಶಿಷ್ಯ ರೂಪರ್ಟ್ ಬಿಲ್ಲಿಂಗ್‌ಹ್ಯಾಂ ಫಾರ್ಮಿಗೆ ಹೋಗಿ ಕರುಗಳಿಗೆ ಚರ್ಮ ಕಸಿ ಮಾಡಿದರು. ಏನಾಯ್ತು ಗೊತ್ತಾ? ಎಲ್ಲ ಬಗೆಯ ಅವಳಿಗಳಲ್ಲೂ ಹೆಚ್ಚುಕಮ್ಮಿ ಕಸಿ ಹಿಡೀತು. ಒಂದು ಹೋರಿಗರು, ಒಂದು ಹೆಣ್ಣುಗರು ಇದ್ದ ಜೋಡಿಗಳಲ್ಲೂ ಹಿಡೀತು. ಗಂಡು-ಹೆಣ್ಣು ಅವಳಿ ತದ್ರೂಪಿ ಆಗೋಕೆ ಸಾಧ್ಯವೇ ಇಲ್ಲ. ಮೆಡಾವರ್ ಕೊಟ್ಟ ಸುಲಭ ಪರೀಕ್ಷೆ ನೆಲಕಚ್ಚಿತು.

ಪರೀಕ್ಷೆ ಕೈಕೊಟ್ಟಾಗ ಬಹಳಷ್ಟು ಜನ ಏನು ಮಾಡ್ತೀವಿ? ದನಗಳು ನಮ್ಮ ವಿಷಯ ಅಲ್ಲ ಬಿಡು ಅಂತ ವಾಪಸ್ ಬರ್ತೀವಿ. ಇವರು ಬಿಡಲಿಲ್ಲ. ಎಲ್ಲೂ ಹಿಡಿಯಬಾರದ ಕಸಿ ಇಲ್ಲಿ ಹಿಡೀತಾ ಇದೆ ಅಂದರೆ, ಇಲ್ಲೇನೋ ಇದೆ ಅಂತ ಹುಡುಕಿದರು.

ಉತ್ತರದ ಅರ್ಧ ಭಾಗ ಆಗಲೇ ಅಮೆರಿಕದಲ್ಲಿ ಅಚ್ಚಾಗಿತ್ತು. ವಿಸ್ಕಾನ್ಸಿನ್‌ನಲ್ಲಿದ್ದ ರೇ ಓವನ್ 1945ರಲ್ಲಿ ಒಂದು ವಿಷಯ ಬರೆದಿದ್ದರು. ಅವಳಿ ಕರುಗಳು ಗರ್ಭದಲ್ಲಿರುವಾಗ ಅವುಗಳ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಒಂದರ ರಕ್ತ ಇನ್ನೊಂದಕ್ಕೆ ಹರಿಯುತ್ತೆ. ಹುಟ್ಟಿದ ಮೇಲೂ ಒಂದರ ಮೈಯಲ್ಲಿ ಇನ್ನೊಂದರ ರಕ್ತಕಣಗಳು ಉಳಿದಿರುತ್ತವೆ. ದೇಹ ಅವನ್ನು ಹೊರಗೆ ಹಾಕೋದೇ ಇಲ್ಲ. ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಮತ್ತು ಫ್ರಾಂಕ್ ಫೆನ್ನರ್ 1949ರಲ್ಲಿ ಈ ಸುಳಿವು ಹಿಡಿದು ಒಂದು ಊಹೆ ಮುಂದಿಟ್ಟರು. ‘ಇದು ನಾನು, ಇದು ನಾನಲ್ಲ’ ಅನ್ನೋ ತಿಳಿವಳಿಕೆ ದೇಹಕ್ಕೆ ಹುಟ್ಟಿನಿಂದ ಬಂದಿದ್ದಲ್ಲ. ಗರ್ಭದಲ್ಲಿದ್ದಾಗ ಅದು ಕಲಿಯುತ್ತೆ. ಆಗ ಏನೇನು ಎದುರಿಗಿರುತ್ತೋ ಅದನ್ನೆಲ್ಲ ತನ್ನದು ಅಂದುಕೊಳ್ಳುತ್ತೆ.

ಊಹೆ ಚೆನ್ನಾಗಿದೆ. ಪ್ರಯೋಗದಲ್ಲಿ ತೋರಿಸಬೇಕಲ್ಲ?

1951ರಲ್ಲಿ ಮೆಡಾವರ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಬಂದರು. ಜೊತೆಗೆ ಬಿಲ್ಲಿಂಗ್‌ಹ್ಯಾಂ ಮತ್ತು ಇನ್ನೊಬ್ಬ ವಿದ್ಯಾರ್ಥಿ ಲೆಸ್ಲಿ ಬ್ರೆಂಟ್. ಬ್ರೆಂಟ್ ಜರ್ಮನಿಯ ಯಹೂದಿ ಹುಡುಗ. 1938ರಲ್ಲಿ ಹಿಟ್ಲರನ ಕೈಯಿಂದ ಮಕ್ಕಳನ್ನು ಪಾರು ಮಾಡಿ ಬ್ರಿಟನ್ನಿಗೆ ಕಳಿಸಿದರಲ್ಲ, ಆ ಮಕ್ಕಳಲ್ಲಿ ಒಬ್ಬ. ಅವನ ತಂದೆತಾಯಿ, ಅಕ್ಕ ನಾಜಿಗಳ ಕೈಯಲ್ಲಿ ಸತ್ತರು. ‘ನೀನು ನಮ್ಮವನಲ್ಲ’ ಅಂತ ದೇಶವೇ ಹೊರದಬ್ಬಿದ ಹುಡುಗ, ದೇಹಕ್ಕೆ ಪರಕೀಯವನ್ನು ಒಪ್ಪಿಕೊಳ್ಳೋದು ಕಲಿಸೋಕಾಗುತ್ತಾ ಅನ್ನೋ ಪ್ರಯೋಗಕ್ಕೆ ಕೂತಿದ್ದ.

ಪ್ರಯೋಗ ಹೀಗಿತ್ತು. ಎರಡು ತಳಿಯ ಇಲಿಗಳು. ಒಂದು ಕಂದು ಬಣ್ಣದ್ದು, ಇನ್ನೊಂದು ಬಿಳಿ. ಕಂದು ಇಲಿ ಬಸುರಿ ಇದ್ದಾಗ, ಹೊಟ್ಟೆಯೊಳಗಿನ ಮರಿಗಳಿಗೆ ಬಿಳಿ ಇಲಿಯ ಜೀವಕೋಶಗಳನ್ನು ಸೂಜಿಯಲ್ಲಿ ಕೊಟ್ಟರು. ಮರಿಗಳು ಹುಟ್ಟಿ ಎಂಟು ವಾರ ಆದ ಮೇಲೆ ಅವುಗಳ ಮೈಗೆ ಬಿಳಿ ಇಲಿಯ ಚರ್ಮ ಕಸಿ ಮಾಡಿದರು. ಅವರ ಪ್ರಬಂಧದಲ್ಲಿ ಮಾದರಿಯಾಗಿ ಕೊಟ್ಟಿರೋ ಪ್ರಯೋಗದಲ್ಲಿ ಹುಟ್ಟಿದ್ದು ಐದು ಮರಿ. ಎರಡರಲ್ಲಿ ಚರ್ಮ ಹಾಳಾಯ್ತು. ಮೂರರಲ್ಲಿ ಹಿಡೀತು. ಕಂದು ಇಲಿಯ ಮೈಮೇಲೆ ಬಿಳಿ ತುಪ್ಪಳದ ಒಂದು ತೇಪೆ, ಆರೋಗ್ಯವಾಗಿ ಬೆಳೀತಾ ಇತ್ತು.

ಐದರಲ್ಲಿ ಮೂರು ಅಷ್ಟೇನಾ ಅನ್ನಬೇಡಿ. ಅಸಾಧ್ಯ ಅಂದಿದ್ದು ಒಂದೇ ಒಂದು ಸಲ ಆದರೂ ಸಾಕು, ಅದು ನಿಯಮ ಅಲ್ಲ ಅಂತ ಸಾಬೀತಾಯ್ತು. ಅದೂ ಅಲ್ಲದೆ ಇವರು ಎಲ್ಲ ಬದಿಯಿಂದ ಪರೀಕ್ಷೆ ಮಾಡಿದ್ದರು. ಈ ಇಲಿಗಳಿಗೆ ಬೇರೆ ಮೂರನೇ ತಳಿಯ ಚರ್ಮ ಹಾಕಿದರೆ ಅದು ಎಂದಿನಂತೆ ಉದುರುತ್ತಿತ್ತು. ಅಂದರೆ ಕಾವಲುಗಾರ ಮಲಗಿಲ್ಲ, ಒಬ್ಬನನ್ನು ಮಾತ್ರ ನಮ್ಮವನು ಅಂತ ಗುರುತಿಸಿದ್ದಾನೆ. ಇನ್ನು, ಬಿಳಿ ಚರ್ಮದ ವಿರುದ್ಧ ಮೊದಲೇ ಪಳಗಿದ ಬೇರೆ ಕಂದು ಇಲಿಯ ಕೋಶಗಳನ್ನು ತಂದು ಈ ಇಲಿಗೆ ಕೊಟ್ಟರೆ, ವಾರಗಟ್ಟಲೆ ಚೆನ್ನಾಗಿದ್ದ ತೇಪೆ ಕೂಡ ನಾಶವಾಗ್ತಿತ್ತು. ಬದಲಾಗಿದ್ದು ಚರ್ಮ ಅಲ್ಲ, ಅದನ್ನು ನೋಡೋ ದೇಹ.

1953ರ ಅಕ್ಟೋಬರಿನಲ್ಲಿ ಮೂವರ ಈ ಪ್ರಬಂಧ ‘ನೇಚರ್’ ಪತ್ರಿಕೆಯಲ್ಲಿ ಬಂತು. ಇದಕ್ಕೆ ಅವರಿಟ್ಟ ಹೆಸರು ಟಾಲರೆನ್ಸ್. ಕನ್ನಡದಲ್ಲಿ ಸಹನೆ ಅನ್ನೋಣ.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಇದರಿಂದ ರೋಗಿಗಳಿಗೆ ಏನು ಸಿಕ್ತು? ಕಿಡ್ನಿ ಕೆಟ್ಟಿರೋ ಮೂವತ್ತು ವರ್ಷದ ಮನುಷ್ಯನನ್ನು ವಾಪಸ್ ತಾಯಿಯ ಹೊಟ್ಟೆಗೆ ಕಳಿಸಿ ಸೂಜಿ ಕೊಡೋಕಾಗುತ್ತಾ? ಮೆಡಾವರ್ ಅವರಿಗೂ ಇದು ಚೆನ್ನಾಗಿ ಗೊತ್ತಿತ್ತು. ತಮ್ಮ ವಿಧಾನ ಮನುಷ್ಯರಿಗೆ ಬಳಸೋ ಅಂಥದ್ದಲ್ಲ, ಸಮಸ್ಯೆಗೆ ಪರಿಹಾರ ಇದೆ ಅಂತ ತೋರಿಸಿದ್ದಷ್ಟೇ ಅದರ ಬೆಲೆ ಅಂತ ಅವರೇ ಬರೆದುಕೊಂಡಿದ್ದಾರೆ.

ಆದರೆ ಆ ‘ಅಷ್ಟೇ’ ಎಷ್ಟು ದೊಡ್ಡದು ನೋಡಿ. ಬೀಗ ಹಾಕಿದ ಬಾಗಿಲು ಅಂತ ಗೊತ್ತಾದರೆ ಜನ ಕೀಲಿ ಹುಡುಕ್ತಾರೆ. ಬಾಗಿಲೇ ಅಲ್ಲ, ಗೋಡೆ ಅಂದುಕೊಂಡರೆ ಯಾರೂ ಹುಡುಕಲ್ಲ. ಅದು ಗೋಡೆಯಲ್ಲ ಅಂತ ಮೆಡಾವರ್ ತೋರಿಸಿದ್ದರು. ಆಮೇಲೆ ಕೀಲಿ ಹುಡುಕೋರು ಒಬ್ಬೊಬ್ಬರಾಗಿ ಬಂದರು. 1954ರ ಡಿಸೆಂಬರಿನಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ತದ್ರೂಪಿ ಅವಳಿ ಸೋದರರ ನಡುವೆ ಕಿಡ್ನಿ ಕಸಿ ಮಾಡಿದರು. ತದ್ರೂಪಿಗಳಾದ್ದರಿಂದ ದೇಹ ತಕರಾರು ತೆಗೆಯಲಿಲ್ಲ. ಕಿಡ್ನಿ ಪಡೆದವರು ಎಂಟು ವರ್ಷ ಬದುಕಿದರು. ತದ್ರೂಪಿ ಅಲ್ಲದವರ ಗತಿ ಏನು? ಮೆಡಾವರ್ ಉಪನ್ಯಾಸ ಕೇಳಿದ್ದ ರಾಯ್ ಕಾನ್ ಅನ್ನೋ ತರುಣ ಸರ್ಜನ್, ರೋಗನಿರೋಧಕ ಶಕ್ತಿಯನ್ನು ಔಷಧಿಯಿಂದ ತಗ್ಗಿಸೋ ದಾರಿ ಹಿಡಿದರು. 1960ರ ದಶಕದಲ್ಲಿ ಅಜಾಥಯೊಪ್ರಿನ್ ಬಂತು. 1970ರ ದಶಕದ ಕೊನೆಗೆ ಸೈಕ್ಲೋಸ್ಪೊರಿನ್. ಈಗ ಹೆಚ್ಚಾಗಿ ಕೊಡೋದು ಟ್ಯಾಕ್ರೊಲಿಮಸ್. ಅಲಾರಂ ಹೊಡೆದಾಗ ನುಂಗೋ ಗುಳಿಗೆ ಇದೇ. ವೆಲ್ಲೂರಿನ ಸಿಎಂಸಿಯಲ್ಲಿ 1971ರಲ್ಲಿ ಭಾರತದ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದೂ ಇದೇ ದಾರಿಯಲ್ಲಿ.

1960ರಲ್ಲಿ ಮೆಡಾವರ್ ಮತ್ತು ಬರ್ನೆಟ್ ಇಬ್ಬರಿಗೂ ನೊಬೆಲ್ ಬಂತು. ಬಿಲ್ಲಿಂಗ್‌ಹ್ಯಾಂಗೆ, ಬ್ರೆಂಟ್‌ಗೆ ಬರಲಿಲ್ಲ. ದನಗಳ ರಹಸ್ಯ ಮೊದಲು ಕಂಡ ರೇ ಓವನ್‌ಗೂ ಬರಲಿಲ್ಲ. ಮೆಡಾವರ್ ತಮಗೆ ಬಂದ ಹಣವನ್ನು ತಮ್ಮ ಇಬ್ಬರು ಜೊತೆಗಾರರ ಜೊತೆ ಹಂಚಿಕೊಂಡರು. ಲ್ಯಾಬ್‌ಗಳಲ್ಲಿ ಕೆಲಸ ಮಾಡೋ ಪಿಎಚ್‌ಡಿ ವಿದ್ಯಾರ್ಥಿಗಳು ಈ ಎಪಿಸೋಡ್ ಕೇಳ್ತಾ ಇದ್ದರೆ, ಇದನ್ನು ನಿಮ್ಮ ಗೈಡ್‌ಗೂ ಫಾರ್ವರ್ಡ್ ಮಾಡಿ.

ಇನ್ನೊಂದು ವಿಷಯ ಹೇಳಲೇಬೇಕು. 1963ರಲ್ಲಿ ಮೆಡಾವರ್ ಬಿಬಿಸಿ ರೇಡಿಯೊದಲ್ಲಿ ಒಂದು ಭಾಷಣ ಮಾಡಿದರು. ವಿಜ್ಞಾನದ ಪ್ರಬಂಧ ಅನ್ನೋದು ಮೋಸವೇ ಅನ್ನೋದು ಅದರ ವಿಷಯ. ಸುಳ್ಳು ಅಂಕಿಅಂಶದ ಬಗ್ಗೆ ಅಲ್ಲ. ಪ್ರಬಂಧ ಓದಿದರೆ ಮೊದಲು ಮಾಹಿತಿ ಸಂಗ್ರಹಿಸಿದೆವು, ಆಮೇಲೆ ತೀರ್ಮಾನ ತಾನಾಗೇ ಹುಟ್ಟಿತು ಅನ್ನಿಸುತ್ತೆ. ನಿಜದಲ್ಲಿ ಹಾಗಾಗಲ್ಲ. ಮೊದಲು ಒಂದು ಊಹೆ ಇರುತ್ತೆ, ಅದು ಬೀಳುತ್ತೆ, ಇನ್ನೊಂದು ಹುಟ್ಟುತ್ತೆ. ಆ ಗೊಂದಲವನ್ನೆಲ್ಲ ಪ್ರಬಂಧ ಮುಚ್ಚಿಡುತ್ತೆ ಅನ್ನೋದು ಅವರ ವಾದ. ಕರುಗಳ ಮುಂದೆ ತಮ್ಮ ಲೆಕ್ಕಾಚಾರ ಬಿದ್ದದ್ದನ್ನು ಕಂಡ ಮನುಷ್ಯ ಇದನ್ನು ಹೇಳಿದಾಗ ನನಗೆ ನಂಬಿಕೆ ಬರುತ್ತೆ.

1962ರಲ್ಲಿ ಅವರು ಲಂಡನ್ನಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಗೆ ನಿರ್ದೇಶಕರಾದರು. ಆಡಳಿತದ ಕೆಲಸ ಇದ್ದರೂ ಪ್ರಯೋಗ ಬಿಡಲಿಲ್ಲ. 1969ರಲ್ಲಿ ಎಕ್ಸೆಟರ್ ಚರ್ಚಿನಲ್ಲಿ ಸಭೆಯ ಮುಂದೆ ನಿಂತು ಓದ್ತಾ ಇದ್ದಾಗ ಪಾರ್ಶ್ವವಾಯು ಹೊಡೆಯಿತು. ಆಗ ವಯಸ್ಸು 54. ದೇಹದ ಒಂದು ಭಾಗ ಸ್ವಾಧೀನ ತಪ್ಪಿತು, ಕಣ್ಣಿಗೂ ತೊಂದರೆಯಾಯ್ತು. ಹೆಂಡತಿ ಜೀನ್ ನೆರವಿನಿಂದ ಮತ್ತೆ ಕೆಲಸಕ್ಕೆ ಬಂದರು. ಕಿರಿಯ ವಿಜ್ಞಾನಿಗಳಿಗೆ ಸಲಹೆ ಹೇಳೋ ಅವರ ಪ್ರಸಿದ್ಧ ಪುಸ್ತಕ ಬಂದಿದ್ದು ಇದಾದ ಹತ್ತು ವರ್ಷಕ್ಕೆ, 1979ರಲ್ಲಿ. 1987ರಲ್ಲಿ ತೀರಿಕೊಂಡರು.

ಅವರ ಪ್ರಶ್ನೆ ಮಾತ್ರ ಮುಗಿದಿಲ್ಲ. ಗುಳಿಗೆ ಕೆಲಸ ಮಾಡುತ್ತೆ, ಆದರೆ ಅದು ಸಹನೆ ಕಲಿಸಲ್ಲ, ಕಾವಲುಗಾರನನ್ನು ಮಂಪರಿನಲ್ಲಿಡುತ್ತೆ ಅಷ್ಟೇ. ಅದಕ್ಕೇ ಸೋಂಕಿನ ಭಯ, ಕೆಲವು ಬಗೆಯ ಕ್ಯಾನ್ಸರಿನ ಭಯ, ಜೊತೆಗೆ ತಿಂಗಳು ತಿಂಗಳು ಔಷಧಿಯ ಖರ್ಚು. ಗುಳಿಗೆ ಇಲ್ಲದೆ ಕಸಿ ಉಳಿಸೋಕಾಗುತ್ತಾ? 2008ರಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು ಐದು ರೋಗಿಗಳ ಫಲಿತಾಂಶ ಪ್ರಕಟಿಸಿದರು. ಕಿಡ್ನಿ ಜೊತೆಗೆ ಅದೇ ದಾನಿಯ ಮೂಳೆಮಜ್ಜೆಯನ್ನೂ ಕೊಟ್ಟಿದ್ದರು. ಅದರಿಂದ ಸ್ವಲ್ಪ ಕಾಲ ಇಬ್ಬರ ರಕ್ತಕಣಗಳೂ ಒಂದೇ ಮೈಯಲ್ಲಿ ಇದ್ದವು. ಐವರಲ್ಲಿ ನಾಲ್ವರು ಗುಳಿಗೆ ನಿಲ್ಲಿಸೋಕೆ ಸಾಧ್ಯವಾಯ್ತು. ಒಂದೇ ಮೈಯಲ್ಲಿ ಇಬ್ಬರ ರಕ್ತ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಹೌದು, ಅವಳಿ ಕರುಗಳು. ಇದು ಇನ್ನೂ ಎಲ್ಲರಿಗೂ ಕೊಡೋ ಚಿಕಿತ್ಸೆ ಆಗಿಲ್ಲ. ಹಾಗಾಗಿ ದಯವಿಟ್ಟು ಈ ಎಪಿಸೋಡ್ ಕೇಳಿ ಯಾರೂ ಗುಳಿಗೆ ಬಿಡಬೇಡಿ. ಬಿಟ್ಟರೆ ಕಸಿ ಮಾಡಿದ ಅಂಗ ಕೈತಪ್ಪುತ್ತೆ.

ಈ ಕಥೆಯ ಒಂದು ತುದಿ ನಮ್ಮ ಬೆಂಗಳೂರಿನಲ್ಲೂ ಇದೆ. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮದ ಬ್ಯಾಂಕ್ ಇದೆ. ತೀರಿಕೊಂಡ ಆರು ಗಂಟೆಯೊಳಗೆ ದಾನಿಯ ತೊಡೆ, ಬೆನ್ನಿನಿಂದ ತೆಳುವಾದ ಪದರ ತೆಗೀತಾರೆ. ದೇಹ ವಿಕಾರವಾಗಲ್ಲ. ಆ ಚರ್ಮವನ್ನು ಸುಟ್ಟಗಾಯದವರಿಗೆ ಹೊದಿಸ್ತಾರೆ. ಅದು ಶಾಶ್ವತವಾಗಿ ಹಿಡಿಯಲ್ಲ, ಕೆಲವು ವಾರಕ್ಕೆ ಉದುರುತ್ತೆ. ಗ್ಲಾಸ್ಗೋದಲ್ಲಿ ಮೆಡಾವರ್ ಕಂಡಿದ್ದೂ ಇದನ್ನೇ. ಆದರೆ ಆ ಕೆಲವು ವಾರ ಸೋಂಕು ತಡೆಯುತ್ತೆ, ನೋವು ತಗ್ಗಿಸುತ್ತೆ, ರೋಗಿಯ ಸ್ವಂತ ಚರ್ಮ ಸಿದ್ಧವಾಗೋವರೆಗೆ ಜೀವ ಹಿಡಿದಿಡುತ್ತೆ. ಕಿಡ್ನಿ, ಲಿವರ್, ಹೃದಯದ ದಾನಕ್ಕೆ ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಅನ್ನೋ ಸರ್ಕಾರಿ ವ್ಯವಸ್ಥೆ ಇದೆ. ಹೆಸರು ನೋಂದಾಯಿಸಬಹುದು. ಅದಕ್ಕಿಂತ ಮುಖ್ಯ, ನಿಮ್ಮ ಇಷ್ಟವನ್ನು ಮನೆಯವರಿಗೆ ಹೇಳಿಡಿ, ಯಾಕಂದ್ರೆ ಆ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಅವರೇ.

ಇವತ್ತು ಇಷ್ಟು ಸಾಕು. ಲ್ಯಾಬಲ್ಲಿ ಇಲಿ, ಮೊಲ, ದನ ಅಂತ ವರ್ಷಗಟ್ಟಲೆ ಕೂತವರನ್ನು ನೋಡಿ, ಇದರಿಂದ ಏನು ಉಪಯೋಗ ಅಂತ ಯಾರಾದರೂ ಕೇಳಿದರೆ, ಆ ಬಿಳಿ ತೇಪೆಯ ಕಂದು ಇಲಿಯ ಕಥೆ ಹೇಳಿ. ಮುಂದಿನ ವಾರ ಮತ್ತೆ ಸಿಗೋಣ.